ಕೋಲಾರದ ಸೈನೈಡ್ ಗುಡ್ಡಗಳು: ವಿದ್ಯಾರ್ಥಿಗಳಿಗೊಂದು ಸಂಶೋಧನ ಕ್ಷೇತ್ರ

ಕೋಲಾರದ ಚಿನ್ನದ ಗಣಿಗಳ ಕೆಲಸವು 2001ನೆಯ ಇಸವಿಯಲ್ಲಿ ನಿಂತುಹೋಯಿತು. ಶಿಲೆಯನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ನುಣ್ಣನೆಯ ಪುಡಿಯು ಮಾತ್ರ ಗುಡ್ಡಗಳಾಗಿ ಬೆಳೆದು ಇಂದಿಗೂ ನಿಂತಿದೆ. ಸುಮಾರು 3.3 ಕೋಟಿ ಟನ್ನು ತೂಗುವ ಇವನ್ನು ಜನರು ಸೈನೈಡ್ ಗುಡ್ಡಗಳೆನ್ನುವರು. ಗಾಳಿ ಬೀಸಿದಾಗ ಇವುಗಳ ಧೂಳು ಊರನ್ನು ಮುಸುಕುವುದು.

ಈ ಪುಡಿಯಲ್ಲಿ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಚಿನ್ನವುಂಟು. ಅದು ಎಲ್ಲಿ ಅಡಗಿದೆಯೆಂದು ಅರಿಯುವುದೇ ವಿದ್ಯಾರ್ಥಿಯ ಮೊದಲ ಕೆಲಸ. ಜರಡಿಯೂ ಸೂಕ್ಷ್ಮದರ್ಶಕವೂ ಇದಕ್ಕೆ ಸಾಧನಗಳು. ಚಿನ್ನವು ಬೆಣಚುಕಲ್ಲಿನ ಕಣದೊಳಗಿದ್ದರೆ ಇನ್ನೂ ನುಣ್ಣಗೆ ಅರೆಯಬೇಕು. ಅದಕ್ಕೆ ತಗಲುವ ವಿದ್ಯುಚ್ಛಕ್ತಿಯನ್ನು ಲೆಕ್ಕಹಾಕಬೇಕು. ಗಂಧಕಯುಕ್ತ ಖನಿಜದೊಳಗೆ ಸೆರೆಯಾಗಿದ್ದರೆ, ಆ ಖನಿಜವನ್ನು ಉತ್ಕರ್ಷಿಸಿ ಚಿನ್ನವನ್ನು ಬಿಡಿಸಬಲ್ಲ ಸೂಕ್ಷ್ಮಜೀವಿಗಳನ್ನು ಪ್ರಯೋಗಿಸಿ ನೋಡಬಹುದು. ಬಳಸಿದ ನೀರನ್ನು ಶುದ್ಧಿಗೊಳಿಸಿ ಮರಳಿ ಬಳಸುವುದೂ ಪ್ರಯೋಗಶಾಲೆಯಲ್ಲಿ ಪರೀಕ್ಷಿಸತಕ್ಕ ವಿಷಯವೇ.

ಆದರೆ ಚಿನ್ನವನ್ನೆಲ್ಲ ತೆಗೆದರೂ ಗುಡ್ಡದ ತೂಕವು ತಗ್ಗದು. ಆದುದರಿಂದ ಉಳಿದ ಪುಡಿಯಿಂದ ಇಟ್ಟಿಗೆಯನ್ನು ಮಾಡಬಹುದೇ, ಅದರಿಂದ ವಿಷವು ನೀರಿಗಿಳಿಯುವುದೇ, ಅದರ ಮೇಲೆ ಹುಲ್ಲು ಬೇರೂರುವುದೇ ಎಂಬ ಪ್ರಶ್ನೆಗಳು ಚಿನ್ನದ ಪ್ರಶ್ನೆಗಿಂತ ಕಿರಿದಲ್ಲ. ಗಣಿಯವರಿಗೆ ಚಿನ್ನವೇ ಫಲವಾಗಿದ್ದಿತು. ಊರಿನವರಿಗೆ ಧೂಳಿಲ್ಲದ ಗಾಳಿಯೇ ಫಲ. ಇವೆರಡನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿ ನೋಡುವ ಸಂಶೋಧನೆಯೇ ಸಾರ್ಥಕವಾದುದು.