ಗಾಜಿನ ತೊಟ್ಟಿಯಲ್ಲಿ ಕಡಲನೀರು

ನಮ್ಮ ಊರಿನ ಎಷ್ಟೋ ಮನೆಗಳ ಚಾವಡಿಯಲ್ಲಿ ಗಾಜಿನ ಮೀನುತೊಟ್ಟಿಗಳಿವೆ. ಅವುಗಳಲ್ಲಿ ಓಡಾಡುವ ಗಪ್ಪಿ, ಗೋಲ್ಡ್‌ಫಿಶ್ ಮೊದಲಾದವೆಲ್ಲ ಸಿಹಿನೀರಿನ ಮೀನುಗಳು. ಕಡಲಿನ ಮೊರೆತ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ನಾವು ವಾಸಿಸುತ್ತಿದ್ದರೂ ಕಡಲಮೀನನ್ನು ಮನೆಯಲ್ಲಿ ಸಾಕಿದವರು ವಿರಳ. ಅದು ಶ್ರೀಮಂತರ ಹವ್ಯಾಸವೆಂಬ ಭಾವನೆ ಹಲವರಲ್ಲಿದೆ. ಈ ಮಾತು ಪೂರ್ತಿ ಸರಿಯಲ್ಲ. ಹಣಕ್ಕಿಂತ ಹೆಚ್ಚಾಗಿ ಇಲ್ಲಿ ಬೇಕಾದುದು ಕಾಯುವ ಗುಣ. ಕಾಯಲಾರದವನು ಎಷ್ಟು ಖರ್ಚು ಮಾಡಿದರೂ ಸತ್ತ ಮೀನನ್ನು ಎತ್ತಿಹಾಕುವುದು ತಪ್ಪದು.

ಈ ಹವ್ಯಾಸದ ಆರಂಭವೂ ಬಡ ಸಲಕರಣೆಗಳಿಂದಲೇ ಆಯಿತು. 1846ರಲ್ಲಿ ಇಂಗ್ಲೆಂಡಿನ ಆನ್ನಾ ಥಿನ್ ಎಂಬ ಮಹಿಳೆ ಕಡಲತೀರದಿಂದ ಸಜೀವ ಹವಳಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ಗಾಳಿ ಬೆರೆಸುವ ಯಂತ್ರ ಆಗ ಎಲ್ಲಿತ್ತು? ಮನೆಯ ಸೇವಕಿ ತೆರೆದ ಕಿಟಕಿಯ ಬಳಿ ನಿಂತು ಕಡಲನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ನಾವು ಚಹಾ ಆರಿಸುವಂತೆ, ಹೊಯ್ಯುತ್ತಿದ್ದಳಂತೆ. 'ಅಕ್ವೇರಿಯಂ' ಎಂಬ ಹೆಸರು ರೂಢಿಗೆ ಬಂದುದು 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬವರು, ಜೀವಾಣುಗಳಿಂದ ತುಂಬಿದ ಕಲ್ಲು ಮತ್ತು ಗಾಳಿಯ ಗುಳ್ಳೆ ಇವೆರಡರಿಂದಲೇ ಕಡಲಮೀನುಗಳನ್ನು ಸಾಕಬಹುದೆಂದು ಬರೆದು ತೋರಿಸಿದರು. ಇಂದಿಗೂ ಕಡಿಮೆ ಖರ್ಚಿನ ತೊಟ್ಟಿಗೆ ಇದೇ ಆಧಾರ.

ಮೊದಲನೆಯ ಪ್ರಶ್ನೆ, ತೊಟ್ಟಿ ಎಷ್ಟು ದೊಡ್ಡದಿರಬೇಕು? ಚಿಕ್ಕದಾದಷ್ಟೂ ಸುಲಭವೆಂದು ತೋರುತ್ತದೆ. ವಾಸ್ತವವು ಇದಕ್ಕೆ ವಿರುದ್ಧ. ಕಡಲು ಅಗಾಧವಾದುದರಿಂದ ಅದರ ಉಪ್ಪು, ಉಷ್ಣತೆ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಅಲ್ಲಿನ ಜೀವಿಗಳಿಗೆ ಏರುಪೇರು ತಾಳುವ ಅಭ್ಯಾಸವಿಲ್ಲ. ನೀರು ಕಡಿಮೆಯಾದಷ್ಟೂ ಬದಲಾವಣೆ ಬೇಗ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯಲ್ಲಿ ಕಲ್ಲು, ಮರಳು ಹೋಗಿ ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದನ್ನು ಹೊಸಬರು ಕೊಳ್ಳದಿರುವುದು ಲೇಸು. ಇಷ್ಟು ಭಾರಕ್ಕೆ ಗಟ್ಟಿಯಾದ ಮೇಜು ಬೇಕು. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಪಾಚಿ ಕವಿಯುತ್ತದೆ, ನೀರೂ ಕಾಯುತ್ತದೆ.

ಇನ್ನು ನೀರು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಡುಗೆಯ ಉಪ್ಪು ಕರಗಿಸಿದರೆ ಕಡಲನೀರಾಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು ಅದರಲ್ಲಿ ಇರಬೇಕಾದ ಪ್ರಮಾಣದಲ್ಲಿ ಇರುವುದಿಲ್ಲ. ಒಳನಾಡಿನವರು ಅಕ್ವೇರಿಯಂ ಅಂಗಡಿಯ ಕಡಲುಪ್ಪಿನ ಪುಡಿಯನ್ನೇ ಕೊಳ್ಳಬೇಕು. ಕಾಸರಗೋಡಿನ ಕರಾವಳಿಯವರಾದ ನಮಗೆ ಈ ಖರ್ಚು ಉಳಿಯುತ್ತದೆ. ಆದರೆ ಎಲ್ಲೆಂದರಲ್ಲಿ, ಯಾವಾಗಲೆಂದರೆ ಆವಾಗ ಮೊಗೆಯಬಾರದು. ಚಂದ್ರಗಿರಿಯಂತಹ ಹೊಳೆಗಳ ಅಳಿವೆಯ ಬಳಿ ಉಪ್ಪು ಕಡಿಮೆ, ಕೊಳೆ ಹೆಚ್ಚು. ಮಳೆಗಾಲದಲ್ಲಿ ತೀರದ ನೀರೆಲ್ಲ ಕೆಸರು. ಡಿಸೆಂಬರಿನಿಂದ ಎಪ್ರಿಲ್‌ವರೆಗೆ, ಅಳಿವೆಯಿಂದಲೂ ದೋಣಿ ನಿಲ್ಲುವ ಜಾಗದಿಂದಲೂ ದೂರದಲ್ಲಿ, ಹಿರಿಯರೊಡನೆ ಹೋಗಿ ತರಬೇಕು. ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಎರಡು ವಾರ ಕತ್ತಲೆಯಲ್ಲಿಟ್ಟರೆ ಕಣ್ಣಿಗೆ ಕಾಣದ ಜೀವಿಗಳು ಸತ್ತು ತಳಕ್ಕಿಳಿಯುತ್ತವೆ. ಮೇಲಿನ ತಿಳಿಯನ್ನು ಬಳಸಬೇಕು. ತಾಮ್ರದ ಕೊಡ, ಹಿತ್ತಾಳೆಯ ಚೆಂಬು ಈ ಕೆಲಸಕ್ಕೆ ಕೂಡದು. ಸಿಗಡಿ, ಏಡಿ, ಶಂಖದ ಹುಳುಗಳಿಗೆ ತಾಮ್ರದ ಅಂಶ ಅತ್ಯಲ್ಪವಾದರೂ ವಿಷ.

ಉಪ್ಪಿನ ಪ್ರಮಾಣ ತಿಳಿಯಲು ಹೈಡ್ರೋಮೀಟರ್ ಸಾಕು. ಉಪ್ಪುನೀರಿನಲ್ಲಿ ಮೊಟ್ಟೆ ತೇಲುವ ಪ್ರಯೋಗವನ್ನು ನೀವು ತರಗತಿಯಲ್ಲಿ ನೋಡಿರಬಹುದು. ಇಲ್ಲಿಯ ತತ್ತ್ವವೂ ಅದೇ. ಮುಳ್ಳು 1.025ರ ಸಮೀಪ ನಿಲ್ಲಬೇಕು.

ಒಂದು ಲೆಕ್ಕ ಮಾಡೋಣ. 60 ಲೀಟರಿನಲ್ಲಿ 2,100 ಗ್ರಾಂ ಉಪ್ಪಿದೆ. ಬೇಸಗೆಯಲ್ಲಿ 3 ಲೀಟರ್ ನೀರು ಆವಿಯಾಯಿತೆನ್ನಿ. ಉಪ್ಪು ಆವಿಯಾಗುವುದಿಲ್ಲ. ಉಳಿದ 57 ಲೀಟರಿನಲ್ಲಿ ಅದೇ 2,100 ಗ್ರಾಂ ಇರುವುದರಿಂದ ಲೀಟರಿಗೆ ಸುಮಾರು 36.8 ಗ್ರಾಂ ಆಯಿತು. ಈಗ ಕಡಲನೀರನ್ನೇ ಮತ್ತೆ ತುಂಬಿದರೆ ಉಪ್ಪು ಇನ್ನೂ ಏರುತ್ತದೆ. ಆದುದರಿಂದ ಆವಿಯಾದುದಕ್ಕೆ ಸಿಹಿನೀರು, ಕೊಳೆಯಾದ ನೀರನ್ನು ತೆಗೆದುದಕ್ಕೆ ಕಡಲನೀರು ಎಂಬುದು ನಿಯಮ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆದಿಟ್ಟರೆ ದಿನವೂ ನೋಡಬಹುದು. ಸಿಹಿನೀರು ನಳದ್ದಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಬೇಕು.

ಕಲ್ಲಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ನಮ್ಮ ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ತುಂಬ ಇರುವುದರಿಂದ ಅದು ಬೇಡ. ಹವಳದ ಕಲ್ಲನ್ನಂತೂ ಮುಟ್ಟಲೇಬಾರದು. ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ಅವನ್ನು ಕೀಳುವುದೂ ಮಾರುವುದೂ ಅಪರಾಧ. ನಮಗೆ ಹತ್ತಿರದ ಹವಳದ ದಿಬ್ಬಗಳು ಲಕ್ಷದ್ವೀಪದವು. 1998ರಲ್ಲಿ ಕಡಲು ಕಾದಾಗ ಅಲ್ಲಿನ ಹವಳಗಳು ಬಿಳಿಚಿಕೊಂಡು ಬಹುಪಾಲು ಸತ್ತವು. 2010, 2016ರಲ್ಲಿ ಮತ್ತೆ ಪೆಟ್ಟು ತಿಂದವು. ಅಂತಹದನ್ನು ನಮ್ಮ ಚಾವಡಿಯ ಅಂದಕ್ಕಾಗಿ ಒಡೆದು ತರುವುದು ಯಾವ ನ್ಯಾಯ? ಅಲ್ಲದೆ ಹವಳದ ದೇಹದೊಳಗಿನ ಪಾಚಿಗೆ ಪ್ರಖರವಾದ ಬೆಳಕು ಬೇಕು. ದುಡ್ಡು ಕರಗುವುದು ಆ ದೀಪಗಳಿಗೇ. ನಾವು ಹೇಳುತ್ತಿರುವುದು ಹವಳವಿಲ್ಲದ ದಿಬ್ಬ. ಮೆರುಗಿಲ್ಲದ ಹಂಚಿನ ಚೂರು, ಸುಣ್ಣದ ಕಲ್ಲು, ತೊಳೆದು ಒಣಗಿಸಿದ ಮರುವಾಯಿ ಚಿಪ್ಪುಗಳನ್ನು ಗುಹೆಯಂತೆ ಜೋಡಿಸಿದರೆ ಮೀನಿಗೆ ಅಡಗುತಾಣವಾಯಿತು, ಜೀವಾಣುಗಳಿಗೆ ಮನೆಯಾಯಿತು. ಸುಣ್ಣ ಮತ್ತು ಚಿಪ್ಪು ನೀರನ್ನು ಹುಳಿಯಾಗಲು ಬಿಡುವುದಿಲ್ಲವೆಂಬುದು ಇನ್ನೊಂದು ಲಾಭ.

ಈಗ ಮುಖ್ಯ ವಿಷಯ. ಮೀನಿನ ಮಲ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಘೋರ ವಿಷ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಬೇರೆ ಕೆಲವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಕೊನೆಯದು ಅಷ್ಟು ಅಪಾಯಕಾರಿಯಲ್ಲ. ವಾರಕ್ಕೊಮ್ಮೆ 6 ಲೀಟರ್ ನೀರು ಬದಲಾಯಿಸಿದರೆ ಹತೋಟಿಯಲ್ಲಿರುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಇರುವುದಿಲ್ಲ. ನೀರು ಸ್ಫಟಿಕದಂತೆ ತಿಳಿಯಾಗಿ ಕಂಡರೂ ಅಂದೇ ಬಿಟ್ಟ ಮೀನು ಕೆಲವೇ ದಿನಗಳಲ್ಲಿ ಸಾಯುವುದು ಇದರಿಂದಲೇ. ಉಪಾಯ ಹೀಗೆ: ಸಿಗಡಿಯ ಒಂದು ಸಣ್ಣ ತುಂಡನ್ನು ತೊಟ್ಟಿಗೆ ಹಾಕಿ, ಗಾಳಿಯ ಪಂಪು ನಡೆಸುತ್ತ ಕಾಯಬೇಕು. ಪರೀಕ್ಷೆಯ ದ್ರಾವಣದಿಂದ ವಾರಕ್ಕೆರಡು ಸಲ ನೋಡಿದರೆ, ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಕಡೆಗೆ ಎರಡೂ ಸೊನ್ನೆಗೆ ಬರುತ್ತವೆ. ಸಾಧಾರಣವಾಗಿ ನಾಲ್ಕರಿಂದ ಆರು ವಾರ ಬೇಕು. ಮಕ್ಕಳು ಬರಿಯ ಕಲ್ಲು ನೋಡಿ ಬೇಸರಪಡಬಹುದು; ಹೆತ್ತವರು ಕರಗಿ ಮೀನು ತಂದುಕೊಡಬಾರದು. ಈ ಏರಿಳಿತವನ್ನು ನಕ್ಷೆಕಾಗದದಲ್ಲಿ ಗುರುತಿಸಿದರೆ ಒಳ್ಳೆಯ ವಿಜ್ಞಾನದ ಪಾಠವೂ ಆದೀತು.

ಬಿಸಿಯಾದ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಅದೇ ಉಷ್ಣತೆಯ ಸಿಹಿನೀರಿಗಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆ. ಆದುದರಿಂದ ಪಂಪು ಹಗಲಿರುಳು ನಡೆಯಬೇಕು. ಕರೆಂಟು ಹೋದಾಗ ಬ್ಯಾಟರಿಯ ಚಿಕ್ಕ ಪಂಪು ಆಸರೆ. ಅದೂ ಇಲ್ಲದಿದ್ದರೆ ಆನ್ನಾ ಥಿನ್ನಳ ಸೇವಕಿಯಂತೆ ಚೆಂಬಿನಿಂದ (ಪ್ಲಾಸ್ಟಿಕ್ಕಿನದು!) ಎತ್ತಿ ಹೊಯ್ಯಬಹುದು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ವಯರು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೇರುವಂತಿರಲಿ. ತೊಟ್ಟಿಗೆ ಕೈಹಾಕುವ ಮುನ್ನ ಸ್ವಿಚ್ಚು ಆರಿಸಿರಿ. ದುಬಾರಿ ಫಿಲ್ಟರು, ನೊರೆ ತೆಗೆಯುವ ಯಂತ್ರ ಇವು ಎರಡು ಚಿಕ್ಕ ಮೀನುಗಳಿಗೆ ಅಗತ್ಯವಿಲ್ಲ.

ಎರಡೇ ಮೀನುಗಳೇ ಎಂದು ಕೇಳುವಿರಿ. 60 ಲೀಟರಿಗೆ ಅಷ್ಟು ಸಾಕು. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಮೀನಿನ ಜೋಡಿ ಹೊಸಬರಿಗೆ ಉತ್ತಮ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇವನ್ನು ತೊಟ್ಟಿಯಲ್ಲಿ ಮರಿಮಾಡಿಸಿದ್ದಾರೆ; ಕಡಲಿನಿಂದ ಹಿಡಿದವಕ್ಕಿಂತ ಇಂತಹವು ಹೆಚ್ಚು ಗಟ್ಟಿ. ಇವುಗಳಲ್ಲಿ ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ದೊಡ್ಡದಾದುದು ಮುಂದೆ ಹೆಣ್ಣಾಗುತ್ತದೆ. ಪಾಚಿ ತಿನ್ನಲು ಒಂದೆರಡು ಬಸವನಹುಳು ಇರಲಿ. ಆದರೆ ಬಂಡೆಯ ಸಂದಿನಲ್ಲಿ ಕಂಡ ಚಿತ್ತಾರದ ಶಂಕುವಿನಾಕಾರದ ಚಿಪ್ಪನ್ನು ಜೀವಸಹಿತ ಎತ್ತಬಾರದು. ಅಂತಹ ಕೆಲವು ಹುಳುಗಳ ವಿಷಮುಳ್ಳು ಮನುಷ್ಯನ ಪ್ರಾಣವನ್ನೇ ತೆಗೆಯಬಲ್ಲುದು. ಸಾಕಿ ಬೇಸರವಾಯಿತೆಂದು ಅಂಗಡಿಯ ಮೀನನ್ನು ಕಡಲಿಗೋ ಹೊಳೆಗೋ ಬಿಡುವುದೂ ತಪ್ಪು.

ಆಹಾರವಾಗಿ ಸಿಗಡಿಯನ್ನು ನುಣ್ಣಗೆ ಹೆಚ್ಚಿ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಹಾಕಬೇಕು. ಶಾಲೆಯಲ್ಲಿ ತೊಟ್ಟಿ ಇಡುವುದಾದರೆ ಶನಿವಾರ, ಭಾನುವಾರ ಉಪವಾಸವಿದ್ದರೂ ಮೀನಿಗೆ ತೊಂದರೆಯಿಲ್ಲ. ಕಷ್ಟ ಬರುವುದು ಎಪ್ರಿಲ್, ಮೇ ತಿಂಗಳ ರಜೆಯಲ್ಲಿ. ನೀರು ಹೆಚ್ಚು ಆವಿಯಾಗುವ ಕಾಲವೂ ಅದೇ. ಶಾಲೆಯ ಸಮೀಪದಲ್ಲೇ ಮನೆಯಿರುವ ನಾಲ್ವರು ವಿದ್ಯಾರ್ಥಿಗಳು ಸರದಿಯ ಪಟ್ಟಿ ಮಾಡಿಕೊಂಡು, ದಿನಕ್ಕೊಬ್ಬರಂತೆ ಬಂದು ಗೆರೆಯವರೆಗೆ ಸಿಹಿನೀರು ತುಂಬಿಸಿ ಹೋಗಬೇಕಾಗುತ್ತದೆ. ಆ ನಾಲ್ವರು ಸಿಕ್ಕಿದ ಮೇಲೆಯೇ ತೊಟ್ಟಿಗೆ ಗಾಜು ಕೊಳ್ಳುವುದು ಒಳ್ಳೆಯದು.