ಸವೆದ ಹೆಬ್ಬೆರಳು, ತಾತನ ಪಹಣಿ ಮತ್ತು ನಮ್ಮ ಸಂಘದ ಮೇಜು

ಅಡಿಕೆ ಸುಲಿತದ ಭರಾಟೆ ಮುಗಿಯುವ ಹೊತ್ತಿಗೆ ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ಕಛೇರಿಗೆ ಬಂದು ಬೆಂಚಿನ ಮೇಲೆ ಕುಳಿತರು. ಅವರದು ಎರಡೆಕರೆ ತೋಟ. ಅಡಿಕೆ, ನಡುವೆ ಕಾಫಿ, ಮರಕ್ಕೆ ಹಬ್ಬಿಸಿದ ಒಂದಿಷ್ಟು ಮೆಣಸು. ಪಿ.ಎಂ. ಕಿಸಾನ್ ಹಣ ಎರಡು ಕಂತು ಬಂದಿಲ್ಲ, ಇ-ಕೆವೈಸಿ ಆಗಿಲ್ಲವೆನ್ನುತ್ತಾರೆ, ಪೇಟೆಗೆ ಮೂರು ಸಲ ಹೋಗಿ ಬಂದೆ, ಎಂದರು. ಯಂತ್ರದ ಮೇಲೆ ಬೆರಳಿಡಲು ಹೇಳುತ್ತಾರಂತೆ, ಯಂತ್ರ ಒಲ್ಲೆ ಎನ್ನುತ್ತದಂತೆ. ನಾವು ಅವರ ಕೈಯನ್ನು ಬೆಳಕಿಗೆ ಹಿಡಿದು ನೋಡಿದೆವು. ಹತ್ತನೆಯ ವಯಸ್ಸಿನಿಂದ ಅಡಿಕೆ ಸುಲಿದು, ಚೊಗರಿನಲ್ಲಿ ನೆನೆದು ಕಪ್ಪಾದ ಬೆರಳುಗಳು. ಹೆಬ್ಬೆರಳಿನ ತುದಿ ನುಣ್ಣಗೆ ಹೊಳೆಯುತ್ತಿತ್ತು, ಗೆರೆಯೆಂಬುದೇ ಇರಲಿಲ್ಲ.

ನಮ್ಮ ಸಂಘದ ಹಳೆಯ ಸಾಲಪತ್ರಗಳಲ್ಲಿ ಇದೇ ಬೆರಳಿನ ನೀಲಿ ಗುರುತು ಎಷ್ಟೋ ಇವೆ. ಆ ಕಾಲದಲ್ಲಿ ಓದು ಬಾರದವರಷ್ಟೇ ಹೆಬ್ಬೆಟ್ಟು ಒತ್ತುತ್ತಿದ್ದರು, ನಮ್ಮಂಥ ಪದವೀಧರರು ಜಂಬದಿಂದ ರುಜು ಹಾಕುತ್ತಿದ್ದೆವು. ಈಗ ಪದವೀಧರನೂ ಹೆಬ್ಬೆಟ್ಟು ಒತ್ತಬೇಕು, ಜೀವಮಾನವೆಲ್ಲ ಒತ್ತಿದವರ ಹೆಬ್ಬೆಟ್ಟು ಮಾತ್ರ ಸಲ್ಲದು!

ಗಣಕೀಕರಣವನ್ನು ಹಳಿಯಲು ಈ ಮಾತನ್ನು ಎತ್ತಿದ್ದಲ್ಲವೆಂದು ಬೆಳೆಗಾರ ಬಂಧುಗಳು ತಿಳಿಯಬೇಕು. ಕೈಬರಹದ ಪಹಣಿಯ ಕಾಲವನ್ನು ಕಂಡವರು ನಾವು. ಒಂದು ಪಹಣಿ ನಕಲಿಗಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿ ಊರೂರು ತಿರುಗಿದ್ದೂ, ಸಿಕ್ಕಾಗ ಅವರ ಬಳಿ ಪುಸ್ತಕವಿಲ್ಲದಿದ್ದುದೂ ನೆನಪಿದೆ. ಒಳಗೊಂದು ಗೆರೆ ಹೊಡೆದು ಹೆಸರು ತಿದ್ದಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, 2001ರ ಸುಮಾರಿಗೆ ತಾಲ್ಲೂಕು ಕಛೇರಿಗಳಲ್ಲಿ 15 ರೂಪಾಯಿಗೆ ನಕಲು ಕೊಡತೊಡಗಿದಾಗ ನಾವು ಸರದಿಯಲ್ಲಿ ನಿಂತು ಪಡೆದು ಸಂತೋಷಪಟ್ಟಿದ್ದೆವು. ತಾಲ್ಲೂಕಿನ ನಂತರ ತಾಲ್ಲೂಕಿನಂತೆ ಕೈಬರಹದ ಪಹಣಿಯ ಮಾನ್ಯತೆಯೂ ರದ್ದಾಯಿತು. ದೇಶದ ಬೇರೆ ರಾಜ್ಯದವರು ಬಂದು ಇದನ್ನು ನೋಡಿ ಹೋದರು.

ಸಂಘದ ಕೆಲಸಕ್ಕೂ ಇದರಿಂದ ಅನುಕೂಲವಾಗಿದೆ. ಹಿಂದೆ ಬೆಳೆಸಾಲ ಕೊಟ್ಟರೆ ಋಣಭಾರದ ಘೋಷಣೆಯ ಕಾಗದ ಹಿಡಿದು ಉಪನೋಂದಣಿ ಕಛೇರಿಗೆ, ಅಲ್ಲಿಂದ ಪಹಣಿಯ 11ನೇ ಅಂಕಣದಲ್ಲಿ ಬರೆಸಲು ಇನ್ನೊಂದು ಕಛೇರಿಗೆ ಅಲೆಯಬೇಕಿತ್ತು. ಸಾಲ ತೀರಿಸಿದ ಮೇಲೂ ಆ ಬರಹವನ್ನು ತೆಗೆಸುವುದು ಮತ್ತೊಂದು ವನವಾಸ. ‘ಫ್ರೂಟ್ಸ್’ ತಂತ್ರಾಂಶ ಬಂದ ಮೇಲೆ ರೈತನಿಗೊಂದು ಗುರುತು ಸಂಖ್ಯೆ, ಅಂದರೆ ಎಫ್.ಐ.ಡಿ., ಸಿಕ್ಕಿತು. ಋಣದ ನಮೂದು ಸಂಘದ ಮೇಜಿನಿಂದಲೇ ಆಗುತ್ತದೆ. ಇದು ನಿಜವಾದ ಉಪಕಾರ.

ಆದರೆ ಒಂದು ಮಾತು. ಈ ಏರ್ಪಾಡು ಸಲೀಸಾಗಿ ನಡೆಯುವುದು ಯಾರ ಕಾಗದ ಮೊದಲೇ ಸರಿಯಿತ್ತೋ ಅವರಿಗೆ. ಯಾರ ಕಾಗದ ಸರಿಯಿಲ್ಲವೋ ಅವರು ಹಿಂದೆ ಅರ್ಧ ಬಾಗಿಲಲ್ಲಾದರೂ ನಿಂತು ಗೋಗರೆಯಬಹುದಿತ್ತು. ಮುಖ ಪರಿಚಯ, ಊರವರ ಸಾಕ್ಷಿ ಕೆಲಸಕ್ಕೆ ಬರುತ್ತಿತ್ತು. ಈಗ ಕಾಗದ ಹೊಂದದಿದ್ದರೆ ಗೋಗರೆಯಲು ಎದುರಿಗೆ ಮನುಷ್ಯನೇ ಇಲ್ಲ.

ನಮ್ಮಲ್ಲಿ ಬಹಳ ಮಂದಿಯ ತೊಡಕು ಪಹಣಿಯ 9ನೇ ಅಂಕಣದಲ್ಲಿದೆ. ತೋಟ ಮಾಡುವವನು ಮೊಮ್ಮಗ, ಅಂಕಣದಲ್ಲಿ ಕುಳಿತವರು ತೀರಿಕೊಂಡು ನಲವತ್ತು ವರ್ಷವಾದ ತಾತ. ಸತ್ತವರಿಗೆ ಆಧಾರ್ ಇಲ್ಲ. ಆಧಾರ್ ಇಲ್ಲದ ಖಾತೆಗೆ ಎಫ್.ಐ.ಡಿ. ಇಲ್ಲ. ಎಫ್.ಐ.ಡಿ. ಇಲ್ಲದಿದ್ದರೆ ಬೆಳೆವಿಮೆಯೂ ಇಲ್ಲ, ಪಿ.ಎಂ. ಕಿಸಾನಿನ ವರ್ಷದ 6000 ರೂಪಾಯಿಯೂ ಇಲ್ಲ. ಪಿ.ಎಂ. ಕಿಸಾನಿಗೆ 2019ರ ಫೆಬ್ರವರಿ 1ರಂದು ಹಿಡುವಳಿ ಯಾರ ಹೆಸರಿನಲ್ಲಿತ್ತೆಂಬುದೇ ಆಧಾರ. ಆಮೇಲೆ ಖಾತೆ ಬದಲಾದವರಿಗೆ, ಅದು ವಾರಸಾಗಿ ಬಂದದ್ದಲ್ಲದಿದ್ದರೆ, ಅವಕಾಶವಿಲ್ಲ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಪಹಣಿಗೆ ಆಧಾರ್ ಜೋಡಿಸಲು ಬಂದಾಗ ನಮ್ಮ ಊರುಗಳಲ್ಲಿ ಈ ತಾತಂದಿರೆಲ್ಲ ಒಮ್ಮೆಗೇ ಎದ್ದು ಬಂದಂತಾಯಿತು.

ಪೌತಿ ಖಾತೆ ಮಾಡಿಸಿಕೊಳ್ಳಬಾರದೆ, ಎಂದು ಪೇಟೆಯವರು ಕೇಳುತ್ತಾರೆ. ಕೇಳುವುದು ಸುಲಭ. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ಆ ಕಾಲದ ಸಾವು ನೋಂದಣಿಯೇ ಆಗಿರುವುದಿಲ್ಲ, ಅದಕ್ಕೆ ಮ್ಯಾಜಿಸ್ಟ್ರೇಟರ ಆದೇಶದ ದಾರಿ ಹಿಡಿಯಬೇಕು. ಇನ್ನು ವಂಶವೃಕ್ಷ ಬರೆದರೆ ಹೆಣ್ಣುಮಕ್ಕಳ ಹೆಸರೂ ಬರುತ್ತದೆ. ಬರಲೇಬೇಕು, ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಅಕ್ಕತಂಗಿಯರನ್ನು ಕರೆದು ಕೂರಿಸಿ ಮಾತಾಡುವ ಧೈರ್ಯ ಸಾಲದೆ ‘ಇರಲಿ ಬಿಡಿ, ತಾತನ ಹೆಸರಲ್ಲೇ ಇರಲಿ’ ಎಂದು ದಿನ ದೂಡಿದವರು ನಮ್ಮಲ್ಲೇ ಎಷ್ಟು ಮಂದಿ! ಈ ತಪ್ಪನ್ನು ಗಣಕಯಂತ್ರದ ಮೇಲೆ ಹೊರಿಸುವಂತಿಲ್ಲ. ಪೌತಿ ಎಂದರೆ ಪಾಲು ಎಂದಲ್ಲ. ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಏರುತ್ತದೆ, ಪಾಲು, ಪೋಡಿ, ನಕ್ಷೆ ಆಮೇಲಿನ ಮಾತು. ಇದನ್ನು ತಿಳಿಸಿ ಹೇಳಿದ ಮೇಲೆ ಸಂಘದ ಕೆಲವು ಮನೆಗಳಲ್ಲಿ ಕೆಲಸ ಮುಂದುವರಿದಿದೆ.

ಹೆಸರಿನ ತೊಡಕು ಸಣ್ಣದು, ಆದರೆ ಕಾಡುವಂಥದು. ಪಹಣಿಯಲ್ಲಿ ರಾಮಪ್ಪ, ಆಧಾರಿನಲ್ಲಿ ರಾಮಯ್ಯ. ಪಹಣಿಯಲ್ಲಿ ‘ಕೋಂ’ ಹಾಕಿ ಗಂಡನ ಹೆಸರು, ಬ್ಯಾಂಕಿನಲ್ಲಿ ತಂದೆಯ ಹೆಸರು. ಊರಿಗೆಲ್ಲ ಇಬ್ಬರೂ ಒಬ್ಬರೇ ಎಂದು ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ಬೆಳೆ ಸಮೀಕ್ಷೆಯ ವಿಷಯವನ್ನು ತುಸು ಬಿಡಿಸಿ ಹೇಳಬೇಕು. ಈಗ 12ನೇ ಅಂಕಣದ ಬೆಳೆಯನ್ನು ಮೊಬೈಲಿನಲ್ಲಿ ತೆಗೆದ ಚಿತ್ರದಿಂದ ನಿರ್ಧರಿಸುತ್ತಾರೆ. ಊರಿನ ಯುವಕನೊಬ್ಬ, ಇಲಾಖೆಯ ಭಾಷೆಯಲ್ಲಿ ಖಾಸಗಿ ನಿವಾಸಿ, ಸರ್ವೆ ನಂಬರಿನೊಳಗೆ ನಿಂತು ಚಿತ್ರ ತೆಗೆದು ಬೆಳೆ ನಮೂದಿಸುತ್ತಾನೆ. 2020ರಿಂದ ರೈತರೇ ಮಾಡಿಕೊಳ್ಳುವ ಆ್ಯಪ್ ಕೂಡ ಇದೆ. ಬಯಲುಸೀಮೆಯ ರಾಗಿ ಹೊಲಕ್ಕೆ ಇದು ಸಾಕು. ನಮ್ಮ ತೋಟದಲ್ಲಿ ಒಂದೇ ನೆಲದಲ್ಲಿ ಅಡಿಕೆ, ಕಾಫಿ, ಮೆಣಸು, ಬಾಳೆ, ಮೇಲೆ ನೆರಳುಮರ. ಜಿಗಣೆಗೆ ಹೆದರಿ ಹುಡುಗ ಬೇಲಿಯ ಹತ್ತಿರವೇ ನಿಂತು ‘ಅಡಿಕೆ’ ಎಂದೊಂದೇ ಬರೆದುಕೊಂಡು ಹೋದರೆ ಮೆಣಸು ಇಲ್ಲವೇ ಇಲ್ಲ. ಮೆಣಸಿಗೆ ಹವಾಮಾನ ಆಧಾರಿತ ವಿಮೆಯ ಕಂತು ಕಟ್ಟಿದವರ ವಿಮೆ ಸಮೀಕ್ಷೆಯಲ್ಲಿ ಬೆಳೆ ಕಾಣದಿದ್ದರೆ ತಿರಸ್ಕೃತವಾಗಬಹುದು. ಹುಡುಗನನ್ನು ಬೈದು ಫಲವಿಲ್ಲ, ಅವನಿಗೆ ಸಿಗುವುದು ಪ್ಲಾಟಿಗಿಷ್ಟು ಎಂಬ ಪುಡಿಕಾಸು. ಅವನು ಬಂದ ದಿನ ಜೊತೆಯಲ್ಲಿ ಹೋಗಿ, ಒಂದು ಲೋಟ ಕಾಫಿ ಕೊಟ್ಟು, ಮಿಶ್ರಬೆಳೆಯೆಂದು ಪ್ರತಿಯೊಂದನ್ನೂ ಬರೆಸಿರಿ. ತಪ್ಪಾಗಿದ್ದರೆ ‘ಬೆಳೆ ದರ್ಶಕ’ ಆ್ಯಪಿನಲ್ಲಿ ನೋಡಿ ಆಕ್ಷೇಪಣೆ ಹಾಕಬಹುದು, ಗಡುವಿನೊಳಗೆ.

ಓಟಿಪಿ ಬರಲು ಗುಡ್ಡ ಹತ್ತಬೇಕಾದ ಊರುಗಳ ಬಗ್ಗೆ ಹೊಸದಾಗಿ ಬರೆಯುವುದೇನೂ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಯಿತು. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಫೋನಿಲ್ಲದ ಸದಸ್ಯರ ನೋಂದಣಿಯಲ್ಲಿ ಯಾರದೋ ಅಂಗಡಿಯ ಹುಡುಗನ ನಂಬರು ಹಾಕಿರುವುದನ್ನು ನಾವು ಕಂಡಿದ್ದೇವೆ. ಅಂದರೆ ಸದಸ್ಯರ ಬೀಗದ ಕೈ ಹುಡುಗನ ಜೇಬಿನಲ್ಲಿ. ಹುಡುಗ ಸಾಚಾ ಇರಬಹುದು, ಊರು ಬಿಟ್ಟು ಬೆಂಗಳೂರಿಗೆ ಹೋದರೆ ಏನು ಗತಿ? 2022ರಿಂದ ‘ಗ್ರಾಮ ಒನ್’ ಕೇಂದ್ರಗಳು ಬಂದು ದಾರಿ ಹತ್ತಿರವಾಗಿದೆ, ನಿಜ. ಆದರೂ ಹಳೆಯ ಮಧ್ಯವರ್ತಿ ಹೋಗಿ ಕೀಲಿಮಣೆ ಹಿಡಿದ ಹೊಸಬ ಬಂದಿದ್ದಾನೆಂಬ ದೂರು ಸದಸ್ಯರ ಬಾಯಲ್ಲಿ ಕೇಳುತ್ತಲೇ ಇರುತ್ತೇವೆ.

ಪಹಣಿಯೇ ಇಲ್ಲದ ಬಗರ್ ಹುಕುಂ ಸಾಗುವಳಿದಾರರ ಮಾತನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅರ್ಜಿ ಇತ್ಯರ್ಥವಾಗುವವರೆಗೆ ಈ ಯಾವ ಪಟ್ಟಿಯಲ್ಲೂ ಅವರಿಲ್ಲ ಎಂಬುದನ್ನು ಮಾತ್ರ ದಾಖಲಿಸುತ್ತೇವೆ.

ಸಂಘದ ತಪ್ಪನ್ನೂ ಹೇಳಿಬಿಡುವುದು ಒಳ್ಳೆಯದು. ಮೊದಲೆರಡು ವರ್ಷ ನಾವೂ ‘ಎಫ್.ಐ.ಡಿ. ತನ್ನಿ, ಆಮೇಲೆ ನೋಡೋಣ’ ಎಂದು ಸದಸ್ಯರನ್ನು ವಾಪಸು ಕಳಿಸಿದವರೇ. ಹಾಗೆ ಹೋದವರಲ್ಲಿ ಕೆಲವರು ಮತ್ತೆ ಬರಲಿಲ್ಲ, ಖಾಸಗಿ ಬಡ್ಡಿಗೆ ಕೈಯೊಡ್ಡಿದರೆಂದು ಆಮೇಲೆ ತಿಳಿಯಿತು. ಆ ನಂತರವೇ ಆಡಳಿತ ಮಂಡಳಿ ಒಂದು ಮೇಜು, ಒಬ್ಬ ಗುಮಾಸ್ತರು, ಒಂದು ದಪ್ಪ ರಿಜಿಸ್ಟರನ್ನು ಇದಕ್ಕೆಂದೇ ಮೀಸಲಿಟ್ಟದ್ದು. ಯಾರ ಬೆರಳು ಯಾವ ದಿನ, ಎಷ್ಟು ಸಲ ಹಿಡಿಯಲಿಲ್ಲವೆಂದು ಅದರಲ್ಲಿ ಬರೆಯುತ್ತೇವೆ. ಬೆರಳು ಹಿಡಿಯಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದೆಂಬ ಮಾತು 2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟಿನ ಆಧಾರ್ ತೀರ್ಪಿನಲ್ಲಿದೆ. ಬರೀ ಬಾಯಿಮಾತಿನಲ್ಲಿ ಅದನ್ನು ಹೇಳಿದರೆ ಯಾವ ಕಛೇರಿಯೂ ಕೇಳುವುದಿಲ್ಲ, ತಾರೀಖು ಸಮೇತ ತೋರಿಸಿದರೆ ಕೇಳುತ್ತಾರೆ.

ಆ ಹಿರಿಯ ಸದಸ್ಯೆಯ ಹತ್ತು ಬೆರಳನ್ನೂ ಒಂದೊಂದಾಗಿ ಇಟ್ಟು ನೋಡಿದೆವು. ಹೆಬ್ಬೆರಳೇ ಆಗಬೇಕೆಂಬ ನಿಯಮವಿಲ್ಲ, ಇದು ಹಲವರಿಗೆ ತಿಳಿದಿಲ್ಲ. ಅವರಿಗೆ ಯಾವುದೂ ಹಿಡಿಯಲಿಲ್ಲ. 2023ರ ಜೂನ್‌ನಿಂದ ಪಿ.ಎಂ. ಕಿಸಾನ್ ಆ್ಯಪಿನಲ್ಲಿ ಮುಖ ತೋರಿಸಿ ದೃಢೀಕರಿಸುವ ವ್ಯವಸ್ಥೆ ಇದೆ. ಕಛೇರಿಯೊಳಗೆ ಕತ್ತಲೆಯಿತ್ತು, ಜಗಲಿಗೆ ಕರೆದುಕೊಂಡು ಹೋಗಿ ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳಿದೆವು. ಎರಡನೆಯ ಸಲಕ್ಕೆ ಆಯಿತು. ‘ಅಲ್ಲ ಮಾರಾಯ್ರೇ, ಮುಖ ನೋಡಿದ್ರೆ ಸಾಕು ಅಂತ ಮೊದಲೇ ಹೇಳಿದ್ರೆ ಮೂರು ಸಲ ಬಸ್ ಚಾರ್ಜ್ ಉಳೀತಿತ್ತಲ್ಲ’ ಎಂದರು. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ‘ಮುಖದಿಂದ ಆಯಿತು’ ಎಂದು ಬರೆದಿದೆ.

ಮೇಜು ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ತೆರೆದಿರುತ್ತದೆ. ಬರುವಾಗ ಇತ್ತೀಚಿನ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಮನೆಯವರದೇ ಒಂದು ಫೋನ್ ತರುವುದು. ಪೌತಿ ಬಾಕಿಯಿರುವವರು ತಾತ, ತಂದೆಯವರ ಮಕ್ಕಳ ಹೆಸರುಗಳನ್ನು, ಕೊಟ್ಟ ಹೆಣ್ಣುಮಕ್ಕಳೂ ಸೇರಿದಂತೆ, ಒಂದು ಹಾಳೆಯಲ್ಲಿ ಬರೆದು ತರುವುದು. ಶುಲ್ಕವಿಲ್ಲ.