ಹರಿದ ನೋಟನ್ನು ಸಂತೆಯಲ್ಲಿ ಮಾರಬೇಡಿ

ಹಾಲಿನ ಬಟವಾಡೆ ಈಗ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಆದರೂ ಗೊಬ್ಬರ ಮಾರಿದ ದುಡ್ಡು, ಕರುವಿನ ಮುಂಗಡ, ತುಪ್ಪದ ದುಡ್ಡು, ಸ್ತ್ರೀಶಕ್ತಿ ಗುಂಪಿನ ವಾರದ ಉಳಿತಾಯ ಎಲ್ಲವೂ ನಗದಾಗಿಯೇ ಕೈಗೆ ಸಿಗುವುದು. ಅದನ್ನು ನಾವು ಇಡುವ ಜಾಗ ಅಕ್ಕಿ ಡಬ್ಬ, ಸೀರೆ ಮಡಿಕೆ ಇಲ್ಲವೇ ಟ್ರಂಕಿನ ಅಡಿ. ಅಲ್ಲಿಗೆ ಇಲಿಯೂ ಬರುತ್ತದೆ, ಗೆದ್ದಲೂ ಬರುತ್ತದೆ. ಹಾಲು ಕರೆಯುವಾಗ ಸೊಂಟಕ್ಕೆ ಸಿಕ್ಕಿಸಿದ ನೋಟನ್ನು ಕರು ಎಳೆದು ಅಗಿಯುವುದೂ ಉಂಟು. ನಮ್ಮ ನೋಟುಗಳನ್ನು ಹತ್ತಿಯ ನಾರಿನಿಂದ ಮಾಡುತ್ತಾರೆ. ಹತ್ತಿಕಾಳು ತಿಂದು ಬೆಳೆದ ಜಾತಿಗೆ ಅದರ ರುಚಿಯೂ ಹಿಡಿಸುತ್ತದೇನೋ!

ಹೀಗೆ ಕೆಟ್ಟ ನೋಟನ್ನು ಅಂಗಡಿಯವನು ಮುಟ್ಟುವುದಿಲ್ಲ. ಸಂತೆಯಲ್ಲಿ ಕೂತ ದಲ್ಲಾಳಿ 500ರ ನೋಟಿಗೆ 300, 350 ಎಂದು ಚೌಕಾಸಿ ಮಾಡುತ್ತಾನೆ. ನಾಲ್ಕು ದಿನದ ಹಾಲಿನ ಲಾಭ ಅಲ್ಲಿಗೆ ಹೋಯಿತು. ಅದೇ ನೋಟಿಗೆ ಬ್ಯಾಂಕಿನಲ್ಲಿ ಪೂರ್ತಿ 500 ಸಿಗಬಹುದು. ಇದಕ್ಕಾಗಿ ರಿಸರ್ವ್ ಬ್ಯಾಂಕಿನ ನಿಯಮಗಳೇ ಇವೆ. 2009ರಲ್ಲಿ ಬಂದ ಆ ನಿಯಮಗಳು 2018ರಲ್ಲಿ ತಿದ್ದುಪಡಿಯಾಗಿವೆ.

ಕೊಳೆಯಾದ, ಮಾಸಿದ ನೋಟಿನ ವಿಷಯ ಸುಲಭ. ಎರಡೇ ತುಂಡಾಗಿ, ಎರಡೂ ಒಂದೇ ನೋಟಿನವಾಗಿದ್ದು, ಮುಖ್ಯ ಭಾಗ ಯಾವುದೂ ಕಳೆದಿರದಿದ್ದರೆ ಅದೂ ಇದೇ ಲೆಕ್ಕ. ವಾಣಿಜ್ಯ ಬ್ಯಾಂಕಿನ ಯಾವ ಶಾಖೆಯಾದರೂ ಬದಲಿಸಿಕೊಡಬೇಕು, ಇಲ್ಲವೇ ಖಾತೆಗೆ ಜಮಾ ಮಾಡಿಕೊಳ್ಳಬೇಕು. ನಿಮ್ಮ ಖಾತೆ ಅಲ್ಲೇ ಇರಬೇಕೆಂದಿಲ್ಲ. ದಿನಕ್ಕೆ 20 ನೋಟು, ಒಟ್ಟು 5,000 ರೂಪಾಯಿ ಮೀರದಿದ್ದರೆ ಇದಕ್ಕೆ ಶುಲ್ಕವೂ ಇಲ್ಲ.

ಒಂದು ಭಾಗವೇ ಹೋಗಿದ್ದರೆ ಅಥವಾ ಎರಡಕ್ಕಿಂತ ಹೆಚ್ಚು ತುಂಡಾಗಿದ್ದರೆ ಆಗ ಅಳತೆಯ ಮಾತು ಬರುತ್ತದೆ. 20 ರೂಪಾಯಿವರೆಗಿನ ನೋಟಿಗೆ ಅರ್ಧ ಬೆಲೆ ಎಂಬುದಿಲ್ಲ. ಉಳಿದ ತುಂಡು ನೋಟಿನ ಅರ್ಧಕ್ಕಿಂತ ದೊಡ್ಡದಿದ್ದರೆ ಪೂರ್ತಿ ಹಣ, ಇಲ್ಲವಾದರೆ ಏನೂ ಇಲ್ಲ. 50 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನಲ್ಲಿ ಶೇ. 80ಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ, ಶೇ. 40ರಿಂದ 80ರವರೆಗೆ ಉಳಿದಿದ್ದರೆ ಅರ್ಧ, ಅದಕ್ಕೂ ಕಡಿಮೆಯಾದರೆ ಸೊನ್ನೆ.

ಶೇಕಡಾ ಲೆಕ್ಕ ತಲೆಗೆ ಹತ್ತದಿದ್ದರೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು ತನ್ನಿ. ಈಗಿನ 500ರ ನೋಟು 15 ಸೆಂ.ಮೀ. ಉದ್ದ, 6.6 ಸೆಂ.ಮೀ. ಅಗಲ. ಇಲಿ ಒಂದು ತುದಿಯನ್ನು ನೇರವಾಗಿ ತಿಂದಿದೆ ಎನ್ನಿ. ಉದ್ದದಲ್ಲಿ ಹನ್ನೆರಡೂವರೆ ಸೆಂ.ಮೀ. ಉಳಿದಿದ್ದರೆ ಧೈರ್ಯವಾಗಿ ಹೋಗಿ, 500 ನಿಮ್ಮದು. ಎಂಟೋ ಒಂಬತ್ತೋ ಉಳಿದಿದ್ದರೆ 250. ಆರಕ್ಕಿಂತ ಕಡಿಮೆಯಾದರೆ ಬಸ್ ಚಾರ್ಜು ದಂಡ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಮಂದಿ ಮೋಸಹೋಗುವುದೂ ಇಲ್ಲೇ. ಅಳೆಯುವುದು ಎಲ್ಲ ಚೂರುಗಳನ್ನು ಸೇರಿಸಿ ಅಲ್ಲ, ಎಲ್ಲೂ ತುಂಡಾಗದೆ ಉಳಿದ ಅತಿ ದೊಡ್ಡ ಭಾಗವನ್ನು ಮಾತ್ರ. 500ರ ನೋಟು ಸಮನಾಗಿ ಮೂರು ತುಂಡಾಗಿದ್ದರೆ ಮೂರೂ ನಿಮ್ಮ ಕೈಯಲ್ಲಿದ್ದರೂ ದೊಡ್ಡ ತುಂಡು ಶೇ. 33 ಮಾತ್ರ. ಆದ್ದರಿಂದ ಅರ್ಧ ಹರಿದ ನೋಟನ್ನು ಪರ್ಸಿನಲ್ಲಿ ಮಡಚಿ ಮಡಚಿ ಇನ್ನಷ್ಟು ಹರಿಯಲು ಬಿಡಬೇಡಿ, ಪುಸ್ತಕದ ಹಾಳೆಯ ನಡುವೆ ಚಪ್ಪಟೆಯಾಗಿ ಇಡಿ. ಒಂದು ವಿನಾಯಿತಿ ಉಂಟು: ಒಂದೇ ನೋಟಿನ ಎರಡು ತುಂಡುಗಳು ಪ್ರತಿಯೊಂದೂ ಶೇ. 40 ಅಥವಾ ಹೆಚ್ಚಿದ್ದರೆ, ನಡುವಿನ ಪಟ್ಟಿ ಹೋಗಿದ್ದರೂ ಪೂರ್ತಿ ಹಣ. ಬೇರೆ ಬೇರೆ ನೋಟಿನ ತುಂಡು ಅಂಟಿಸಿದರೆ ಮಾತ್ರ ನೋಟು ತಿರಸ್ಕೃತ. ಬೇಕೆಂದೇ ಕತ್ತರಿಸಿದ್ದು ಎಂದು ಕಂಡರೂ ಅಷ್ಟೇ.

ಇಂಥ ನೋಟು ದಿನಕ್ಕೆ ಐದರವರೆಗೆ ಇದ್ದರೆ ಹತ್ತಿರದ ಶಾಖೆಯಲ್ಲೇ ಪರಿಶೀಲಿಸಿ ಹಣ ಕೊಡಬೇಕು. ಅವರಿಗೆ ನಿರ್ಧರಿಸಲು ಆಗದಿದ್ದರೆ ರಸೀದಿ ಕೊಟ್ಟು ಕರೆನ್ಸಿ ಚೆಸ್ಟ್ ಇರುವ ಶಾಖೆಗೆ ಕಳಿಸುತ್ತಾರೆ. ಹಣ ಬರುವ ದಿನಾಂಕವನ್ನು ಕೇಳಿ ಬರೆಸಿಕೊಳ್ಳಿ, ಅದು 30 ದಿನ ಮೀರಬಾರದು. ಗಂಟುಗಟ್ಟಲೆ ಇದ್ದರೆ ನೀವೇ ಆ ಚೆಸ್ಟ್ ಶಾಖೆಗೆ ಹೋಗಬೇಕು.

ಮಳೆಗೆ ನೆಂದು ಒಂದಕ್ಕೊಂದು ಅಂಟಿಕೊಂಡ ಕಂತೆಯನ್ನು ಎಳೆದು ಬಿಡಿಸಬೇಡಿ, ಇಸ್ತ್ರಿಯನ್ನೂ ಹಾಕಬೇಡಿ. ನೆರಳಿನಲ್ಲಿ ಆರಲಿ. ಒಲೆಯ ಬೆಂಕಿಗೆ ಸಿಕ್ಕಿ ಕಪ್ಪಾದ, ಮುಟ್ಟಿದರೆ ಪುಡಿಯಾಗುವ, ಬಿಡಿಸಲಾಗದಂತೆ ಅಂಟಿದ ನೋಟುಗಳನ್ನು ಸಾಮಾನ್ಯ ಶಾಖೆ ತೆಗೆದುಕೊಳ್ಳುವುದಿಲ್ಲ. ಇದ್ದ ಹಾಗೆಯೇ ಗಟ್ಟಿ ಡಬ್ಬಿಯಲ್ಲಿಟ್ಟು ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೆ ಒಯ್ಯಬೇಕು. ದೊಡ್ಡ ಮೊತ್ತವಾದರೆ ಆ ಪ್ರಯಾಣ ದಂಡವಲ್ಲ.

ಪೆನ್ನಿನ ಗೀಚು, ಅರಿಶಿನದ ಕಲೆ, ಬಟ್ಟೆಯ ಬಣ್ಣ ಹತ್ತಿದ್ದಕ್ಕೆ ಹೆದರುವುದು ಬೇಡ. ರಾಜಕೀಯದ ಅಥವಾ ಧರ್ಮದ ಘೋಷಣೆ ಬರೆದ ನೋಟು ಮಾತ್ರ ಚಲಾವಣೆಗೆ ಬರುವುದಿಲ್ಲ. ಚಿಲ್ಲರೆ ತೆಗೆದುಕೊಳ್ಳುವಾಗ ಎರಡೂ ಮಗ್ಗುಲು ನೋಡಿಕೊಳ್ಳಿ.

ಕೌಂಟರಿನಲ್ಲಿ ಕಾರಣ ಹೇಳದೆ ವಾಪಸ್ ಕಳಿಸಿದರೆ ವ್ಯವಸ್ಥಾಪಕರಿಗೆ ಎರಡು ಸಾಲಿನ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಟ್ರಂಕು ಕೆದಕುವಾಗ 2,000ದ ನೋಟು ಸಿಕ್ಕಿತೆ? 2023ರ ಮೇ 19ರಂದು ಅದನ್ನು ಚಲಾವಣೆಯಿಂದ ಹಿಂತೆಗೆದುಕೊಂಡರೂ ಬೆಲೆ ಹೋಗಿಲ್ಲ. ಊರಿನ ಬ್ಯಾಂಕಿನಲ್ಲಿ ಆಗುವುದಿಲ್ಲ, ಅದೇ ನೃಪತುಂಗ ರಸ್ತೆಯ ಕಚೇರಿಗೆ ಹೋಗಬೇಕು ಅಥವಾ ಅಂಚೆ ಮೂಲಕ ಕಳಿಸಬೇಕು. 2016ರ ನವೆಂಬರ್ 8ರಂದು ರದ್ದಾದ ಹಳೆಯ 500, 1,000ದ ನೋಟುಗಳಾದರೆ ಅವುಗಳನ್ನು ಈಗ ಯಾರೂ ಬದಲಿಸಿಕೊಡುವುದಿಲ್ಲ. ಕೊಡಿಸುತ್ತೇನೆಂದು ಬಂದವನಿಗೆ ಬಾಗಿಲು ತೋರಿಸಿ.